ಸೌದೆ ರಾಶಿಯಿಂದ ಬಟ್ಟಲು: ಲೇತ್‌ಗೆ ಏರಿಸುವ ಮೊದಲು ನೋಡಬೇಕಾದ್ದು

ಮರ ಕಡೆಯುವುದನ್ನು ಕಲಿಯಲು ಬರುವವರು ಮೊದಲು ಕೇಳುವುದು ಯಾವ ಉಳಿ ಕೊಳ್ಳಬೇಕು, ಮರ ತಿರುಗಿಸುವ ಯಂತ್ರ, ಅಂದರೆ ಲೇತ್, ಎಷ್ಟು ದೊಡ್ಡದಿರಬೇಕು ಅಂತ. ಮರದ ಬಗ್ಗೆ ಕೇಳುವವರು ಕಡಿಮೆ. ಕೊಯ್ದು ಒಣಗಿಸಿಟ್ಟ ಚೌಕದ ಮರ ತಂದರೆ ಆ ಪ್ರಶ್ನೆ ಬರುವುದೂ ಇಲ್ಲ ಬಿಡಿ. ಆದರೆ ಉರಿಸಲು ಕಡಿದಿಟ್ಟ ಸೌದೆಯಿಂದ ಬಟ್ಟಲು ತೆಗೆಯಬೇಕು ಅಂದರೆ ಲೆಕ್ಕವೇ ಬೇರೆ. ಬಟ್ಟಲು ಉಳಿಯುತ್ತದೋ ಸೀಳುತ್ತದೋ ಅನ್ನುವುದು ಲೇತ್ ಚಾಲೂ ಮಾಡುವ ಮೊದಲೇ, ಗರಗಸ ಎಲ್ಲಿಟ್ಟಿರಿ ಅನ್ನುವುದರಲ್ಲೇ, ಮುಕ್ಕಾಲು ಪಾಲು ತೀರ್ಮಾನವಾಗಿರುತ್ತದೆ.

ಸೀಳುವುದು ಯಾಕೆ? ನೀರಿನಿಂದ. ಹಸಿ ಮರದಲ್ಲಿ ನೀರು ಎರಡು ಕಡೆ ಇರುತ್ತದೆ. ಒಂದಷ್ಟು ಕೋಶಗಳ ಒಳಗಿನ ಟೊಳ್ಳಿನಲ್ಲಿ, ಇನ್ನೊಂದಷ್ಟು ಕೋಶಗಳ ಗೋಡೆಯಲ್ಲಿ. ಮೊದಲು ಟೊಳ್ಳಿನ ನೀರು ಹೋಗುತ್ತದೆ, ಆಗ ಮರ ಹಗುರಾಗುತ್ತದೆ ಅಷ್ಟೆ, ಕುಗ್ಗುವುದಿಲ್ಲ. ಒಣ ಮರದ ತೂಕಕ್ಕೆ ಹೋಲಿಸಿದರೆ ತೇವ ಸುಮಾರು ಶೇ 30ಕ್ಕೆ ಇಳಿದ ಮೇಲೆ ಗೋಡೆಯ ನೀರಿನ ಸರದಿ. ಕುಗ್ಗುವುದು ಆಗ ಶುರು. ತೊಂದರೆ ಏನಂದರೆ ಎಲ್ಲ ದಿಕ್ಕಿಗೂ ಒಂದೇ ಸಮ ಕುಗ್ಗುವುದಿಲ್ಲ. ಮರದ ಉಂಗುರಗಳ ಗುಂಟ ಆಗುವ ಕುಗ್ಗು, ತಿರುಳಿನಿಂದ ತೊಗಟೆಯ ಕಡೆಗೆ ಆಗುವ ಕುಗ್ಗಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು. ಉದ್ದಕ್ಕೆ ಕುಗ್ಗುವುದು ಲೆಕ್ಕಕ್ಕೇ ಇಲ್ಲ ಅನ್ನುವಷ್ಟು ಕಡಿಮೆ. ಅಂದರೆ ದುಂಡಗಿನ ದಿಮ್ಮಿ ಒಣಗುವಾಗ ಸುತ್ತಳತೆ ಜಾಸ್ತಿ ಕುಗ್ಗಬೇಕು ಅನ್ನುತ್ತದೆ, ಒಳಗಿನ ಮರ ಅದಕ್ಕೆ ಜಾಗ ಕೊಡುವುದಿಲ್ಲ, ಕೊನೆಗೆ ಎಲ್ಲೋ ಒಂದು ಕಡೆ ಬಿಟ್ಟುಕೊಳ್ಳಲೇಬೇಕು. ಅದೇ ತಿರುಳಿನಿಂದ ಹೊರಗೆ ಓಡುವ ಬಿರುಕು. ಇದು ಮರದ ದೋಷ ಅಲ್ಲ, ಅದರ ಗುಣ.

ಹಾಗಾಗಿ ತಿರುಳನ್ನು ಒಳಗಿಟ್ಟುಕೊಂಡು ಬಟ್ಟಲು ಮಾಡುವ ಯೋಚನೆ ಬಿಡಿ. ದಿಮ್ಮಿಯನ್ನು ತಿರುಳಿನ ಮೂಲಕ ಉದ್ದಕ್ಕೆ ಎರಡು ಹೋಳು ಮಾಡಿ, ತಿರುಳಿನ ಎರಡೂ ಬದಿ ಕನಿಷ್ಠ ಬೆರಳಗಲ ಮರವನ್ನು ಕಳೆದುಬಿಡಿ. ಹೋಳು ಮಾಡುವ ಗೆರೆ ಎಲ್ಲಿ ಎಳೆಯಬೇಕು ಅನ್ನುವುದರಲ್ಲೇ ಕೈಚಳಕ ಇರುವುದು. ಸೌದೆ ಒಂದಷ್ಟು ಕಾಲ ಹೊರಗೆ ಬಿದ್ದಿದ್ದರೆ ತುದಿಯಲ್ಲಿ ಆಗಲೇ ಬಿರುಕು ಬಿಟ್ಟಿರುತ್ತದೆ. ಎಲ್ಲಕ್ಕಿಂತ ದೊಡ್ಡ ಬಿರುಕು ಯಾವುದು ನೋಡಿ, ಸರಿಯಾಗಿ ಅದರ ಮೇಲೇ ಗರಗಸ ಹಾಕಿ. ಹೇಗೂ ತಿರುಳಿನ ಜೊತೆ ಒಂದು ಪಟ್ಟಿ ಹೋಗಲೇಬೇಕಲ್ವಾ, ಆ ಪಟ್ಟಿಯಲ್ಲೇ ಬಿರುಕೂ ಹೋಗಲಿ. ದುಂಡು ದಿಮ್ಮಿ ಗರಗಸದ ಕೆಳಗೆ ಉರುಳುತ್ತದೆ, ಎರಡೂ ಬದಿಗೆ ಗಟ್ಟಿ ಬೆಣೆ ಕೊಡದೆ ಚೈನ್ ಗರಗಸ ಮುಟ್ಟಬೇಡಿ.

ಇನ್ನು ಉದ್ದ. ಬಿರುಕು ತುದಿಯಿಂದ ಒಳಗೆ ಎಷ್ಟು ದೂರ ಹೋಗಿದೆ ಅನ್ನುವುದು ಮೇಲಿಂದ ಕಾಣುವುದಿಲ್ಲ, ಕೂದಲೆಳೆಯಂಥ ಬಿರುಕಿನ ಬಾಯಿ ಗರಗಸದ ಗೀರಿನಲ್ಲಿ ಮುಚ್ಚಿಹೋಗಿರುತ್ತದೆ. ಅದಕ್ಕೆ ನಾನು ಮಾಡುವುದು ಇಷ್ಟು. ತುದಿಯಿಂದ ಎರಡು ಮೂರು ಸೆಂಟಿಮೀಟರ್ ಕತ್ತರಿಸಿ ಎಸೆದು, ಆಮೇಲೆ ಬಿಸ್ಕತ್ತಿನಷ್ಟು ತೆಳ್ಳಗೆ ಒಂದು ಬಿಲ್ಲೆ ಕೊಯ್ಯುತ್ತೇನೆ. ಅದನ್ನು ಎರಡೂ ಕೈಯಲ್ಲಿ ಹಿಡಿದು ಹೆಬ್ಬೆರಳು ಒತ್ತಿ ಮೆಲ್ಲಗೆ ಬಾಗಿಸುವುದು. ಬಿರುಕಿದ್ದರೆ ಅದೇ ಗೆರೆಯಲ್ಲಿ ಚಟಕ್ ಅಂತ ಬಿಟ್ಟುಕೊಳ್ಳುತ್ತದೆ, ಮುರಿದ ಅಂಚು ನೀಟಾಗಿರುತ್ತದೆ. ಬಿರುಕಿಲ್ಲದ ಮರವಾದರೆ ಬಾಗುತ್ತದೆ, ಜಾಸ್ತಿ ಒತ್ತಿದರೆ ನಾರು ಕಿತ್ತುಕೊಂಡು ಮುರಿಯುತ್ತದೆ. ಬಿಲ್ಲೆ ತಿರುಗಿಸಿ ಬೇರೆ ಬೇರೆ ಕಡೆ ಬಾಗಿಸಿ ನೋಡಿ. ಬಿರುಕು ಸಿಕ್ಕಿತೋ, ಇನ್ನೊಂದು ಎರಡು ಬೆರಳಷ್ಟು ಕತ್ತರಿಸಿ, ಮತ್ತೊಂದು ಬಿಲ್ಲೆ ತೆಗೆಯಿರಿ. ಹೀಗೆ ಎರಡೂ ತುದಿ ಹೋದ ಮೇಲೆ 40 ಸೆಂಟಿಮೀಟರ್ ಉದ್ದದ ತುಂಡಿನಲ್ಲಿ 25 ಉಳಿದರೆ ನಿಮಗೆ ಸಿಗುವ ಬಟ್ಟಲಿನ ಅಗಲವೂ ಅಷ್ಟೇ, ದಿಮ್ಮಿ ಎಷ್ಟೇ ದಪ್ಪ ಇದ್ದರೂ. ಹೊಟ್ಟೆ ಉರಿಯುತ್ತದೆ ನಿಜ, ಆದರೆ ಬಿರುಕಿನ ಮೇಲೆ ಆಸೆ ಇಟ್ಟುಕೊಂಡು ಪ್ರಯೋಜನ ಇಲ್ಲ.

ಮಾಡಿದ ಹೋಳನ್ನು ಅದೇ ದಿನ ಲೇತ್‌ಗೆ ಹಾಕಲು ಆಗದಿದ್ದರೆ ತುದಿಗಳಿಗೆ ಕರಗಿಸಿದ ಮೇಣವನ್ನೋ ಹಳೇ ಪೇಂಟನ್ನೋ ದಪ್ಪಗೆ ಬಳಿದು ನೆರಳಲ್ಲಿಡಿ. ನೀರು ತುದಿಯಿಂದಲೇ ಬೇಗ ಹೊರಗೆ ಓಡುವುದು.

ಸೌದೆಯಲ್ಲಿ ಇನ್ನೂ ಒಂದು ಅಪಾಯ ಇದೆ. ಮರ ಎಲ್ಲಿ ಬೆಳೆದಿತ್ತೋ ಯಾರಿಗೆ ಗೊತ್ತು? ಮೊಳೆ, ಬೇಲಿ ತಂತಿ, ಕಲ್ಲು, ಏನು ಬೇಕಾದರೂ ಒಳಗೆ ಸೇರಿಕೊಂಡಿರಬಹುದು. ಕೊಯ್ದ ಮೈಯಲ್ಲಿ ನೀಲಿಗಪ್ಪು ಕಲೆ ಕಂಡರೆ ಅನುಮಾನ ಪಡಿ, ಮರದ ಒಗರಿನ ಅಂಶಕ್ಕೆ (ಟ್ಯಾನಿನ್) ಕಬ್ಬಿಣ ತಾಗಿದಾಗ ಆ ಬಣ್ಣ ಬರುತ್ತದೆ. ಯಾವ ಮರ ಅಂತ ಗುರುತು ಸಿಗದಿದ್ದರೆ ಊಟದ ಬಟ್ಟಲು ಮಾಡಬೇಡಿ. ಕಣಗಿಲೆಯ ಎಲ್ಲ ಭಾಗವೂ ವಿಷ, ಅದರ ಕಟ್ಟಿಗೆ ಲೇತ್ ಹತ್ತಿರ ಸುಳಿಯುವುದೇ ಬೇಡ. ಮಾವು, ಗೇರು ಕಡೆಯಲು ಚೆನ್ನ, ಆದರೆ ಹಸಿ ತೊಗಟೆಯ ಸೊನೆ ಕೆಲವರ ಚರ್ಮಕ್ಕೆ ಆಗುವುದಿಲ್ಲ. ಕುಂಬಾಗಲು ಶುರುವಾದ ಮರದಲ್ಲಿ ಶಿಲೀಂಧ್ರ ಎಳೆದ ಕಪ್ಪು ಗೆರೆಗಳು ಬಲು ಚಂದ ಇರುತ್ತವೆ, ಅದಕ್ಕೆ ಮರುಳಾಗುವವರು ತುಂಬ ಜನ. ಉಗುರಿನಿಂದ ಒತ್ತಿ ನೋಡಿ, ಉಗುರು ಇಳಿದರೆ ಒಲೆಗೆ ಹಾಕಿ.

ಲೇತ್‌ಗೆ ಕಟ್ಟುವಾಗ ಕೊಯ್ದ ಚಪ್ಪಟೆ ಮುಖ ಬಟ್ಟಲಿನ ಬಾಯಿ, ತೊಗಟೆಯ ಕಡೆ ತಳ. ಮೂಲೆಗಳನ್ನು ಮೊದಲೇ ಹೊಡೆದು ಆದಷ್ಟು ದುಂಡು ಮಾಡಿಕೊಳ್ಳಿ. ಸೌದೆಯ ತುಂಡು ಒಂದೇ ತೂಕದ ಮರ ಅಲ್ಲ. ಒಂದು ಬದಿ ಚೇಗು, ಅಂದರೆ ಒಳಗಿನ ಬಲಿತ ಮರ, ಇನ್ನೊಂದು ಬದಿ ತೊಗಟೆ ಕಡೆಯ ನೀರು ತುಂಬಿದ ಬಿಳಿ ಮರ ಇದ್ದರೆ ಇಡೀ ಲೇತ್ ಅಲುಗಾಡುತ್ತದೆ. ಅದಕ್ಕೇ ನಾನು ಶುರುವಿನಲ್ಲಿ ಲೇತಿನ ಎರಡು ತುದಿಯ ಮೊನೆಗಳ ನಡುವೆ ಹಿಡಿಸುತ್ತೇನೆ, ಅಲ್ಲಾದರೆ ತುಂಡನ್ನು ಆ ಕಡೆ ಈ ಕಡೆ ಸರಿಸಿ ತೂಕ ಸರಿ ಮಾಡಬಹುದು. ಹೊರಮೈ ದುಂಡಾದ ಮೇಲೆ ತಳದಲ್ಲಿ, ತುಂಡನ್ನು ದವಡೆಯಂತೆ ಕಚ್ಚಿ ಹಿಡಿಯುವ ಚಕ್‌ಗೆ ಹಿಡಿಯಲು ಒಂದು ಗುಬುಟು ಕಡೆದು, ತಿರುಗಿಸಿ ಕಟ್ಟುವುದು. ವೇಗದ ಲೆಕ್ಕ ಸುಲಭ. ಇಂಚಿನಲ್ಲಿ ಅಗಲ ಗುಣಿಸು ನಿಮಿಷದ ಸುತ್ತು, 6000ದಿಂದ 9000ದ ಒಳಗಿರಬೇಕು ಅಂತ ಕಡೆಯುವವರು ಹೇಳುತ್ತಾರೆ. 10 ಇಂಚಿಗೆ 600ರಿಂದ 900. ಇನ್ನೂ ದುಂಡಾಗದ ತುಂಡಿಗೆ ಅದಕ್ಕಿಂತಲೂ ಕಡಿಮೆ. ಸ್ವಿಚ್ ಹಾಕುವ ಮೊದಲು ಕೈಯಿಂದ ಒಂದು ಸುತ್ತು ತಿರುಗಿಸಿ, ಎಲ್ಲೂ ತಾಗುತ್ತಿಲ್ಲ ಅಂತ ನೋಡಿಕೊಳ್ಳಿ. ಪೂರ್ತಿ ಮುಖದ ಕವಚ ಹಾಕಿಕೊಂಡು, ತುಂಡು ಹಾರಿದರೆ ಬರುವ ದಾರಿಯಿಂದ ಪಕ್ಕಕ್ಕೆ ನಿಂತು ಸ್ವಿಚ್ ಹಾಕಿ.

ಉಳಿ ವಿಷಯ ಚಿಕ್ಕದಾಗಿ ಹೇಳುತ್ತೇನೆ, ಅದು ಓದಿ ಬರುವ ವಿದ್ಯೆ ಅಲ್ಲ. ಬಟ್ಟಲಿಗೆ ಬೌಲ್ ಗೌಜ್ ಅನ್ನುವ ದೋಣಿಯಂತೆ ತೋಡಿದ ಉಳಿ ಬೇಕು. ಕಂಬ ಕಡೆಯುವ ಅಗಲದ ರಫಿಂಗ್ ಗೌಜ್ ಇದೆಯಲ್ಲ, ಅದನ್ನು ಬಟ್ಟಲಿಗೆ ಖಂಡಿತ ಹಾಕಬೇಡಿ, ಅದರ ಹಿಡಿಯೊಳಗಿನ ಬಾಲ ಸಣ್ಣದು, ಸಿಕ್ಕಿಕೊಂಡರೆ ಮುರಿದು ಹಾರುತ್ತದೆ. ಹೊರಮೈಯನ್ನು ತಳದಿಂದ ಬಾಯಿಯ ಕಡೆಗೆ, ಒಳಮೈಯನ್ನು ಬಾಯಿಯಿಂದ ನಡುವಿನ ಕಡೆಗೆ ಕಡೆಯಿರಿ. ಆಗ ಕತ್ತರಿಸುವ ಎಳೆಗೆ ಹಿಂದಿನ ಎಳೆಯ ಆಸರೆ ಇರುತ್ತದೆ, ಮೈ ಕಿತ್ತುಬರುವುದಿಲ್ಲ. ಹಸಿ ಮರವಾದರೆ ಸಿಪ್ಪೆ ಉದ್ದುದ್ದ ಸುರುಳಿಯಾಗಿ ತಲೆ ಮೇಲಿಂದ ಹಾರುತ್ತದೆ, ಮುಖಕ್ಕೆ ನೀರು ಸಿಡಿಯುತ್ತದೆ. ಈ ಕೆಲಸದಲ್ಲಿ ಇದಕ್ಕಿಂತ ಖುಷಿ ಕೊಡುವ ಹೊತ್ತು ಇನ್ನೊಂದಿಲ್ಲ. ಮುಗಿದ ಮೇಲೆ ಲೇತ್‌ನ ಕಬ್ಬಿಣ ಒರೆಸಿ, ಇಲ್ಲಾಂದರೆ ಬೆಳಗಾಗುವಷ್ಟರಲ್ಲಿ ತುಕ್ಕು.

ಈಗ ಎರಡು ದಾರಿ. ಒಂದು, ಸುಮಾರಾಗಿ ಕಡೆದು ಗೋಡೆಯ ದಪ್ಪವನ್ನು ಅಗಲದ ಹತ್ತನೇ ಒಂದು ಭಾಗ ಬಿಡುವುದು. 25 ಸೆಂಟಿಮೀಟರ್ ಬಟ್ಟಲಿಗೆ ಎರಡೂವರೆ. ತಳವೂ ಅಷ್ಟೇ ದಪ್ಪ ಇರಬೇಕು, ದಪ್ಪ ತೆಳು ಆದ ಕಡೆಯೇ ಸೀಳುವುದು. ಅದನ್ನು ಕಾಗದದ ಚೀಲದಲ್ಲಿ ಅದೇ ಸಿಪ್ಪೆಯ ಜೊತೆ ಹಾಕಿ ಗಾಳಿ ಜೋರಾಗಿ ಬೀಸದ ಕಡೆ ಇಡಿ. ಮೇಲೆ ಒಂದು ಟೇಪ್ ಅಂಟಿಸಿ ತಾರೀಕು, ತೂಕ ಬರೆಯಿರಿ, ಆಗಾಗ ತೂಗಿ ಕೆಳಗೆ ಬರೆಯುತ್ತಾ ಹೋಗಿ. ತೂಕ ಇಳಿಯುವುದು ನಿಂತಾಗ ಒಣಗಿದೆ ಅಂತ ಅರ್ಥ. ತಿಂಗಳುಗಟ್ಟಲೆ ಹಿಡಿಯುತ್ತದೆ. ಅಷ್ಟರಲ್ಲಿ ಬಾಯಿ ಮೊಟ್ಟೆಯಾಕಾರಕ್ಕೆ ತಿರುಗಿರುತ್ತದೆ, ತಳದ ಗುಬುಟೂ ಹಾಗೇ ಆಗಿರುತ್ತದೆ. ಮೊದಲು ಗುಬುಟು ಸರಿ ಮಾಡಿ, ಆಮೇಲೆ ಉಳಿದದ್ದು.

ಇನ್ನೊಂದು ದಾರಿ, ಹಸಿ ಇರುವಾಗಲೇ ಎಲ್ಲ ಕಡೆ ಒಂದೇ ಸಮ ಐದಾರು ಮಿಲಿಮೀಟರ್‌ಗೆ ಇಳಿಸಿ, ಒಣಗುವಾಗ ಹೇಗೆ ಬೇಕಾದರೂ ವಾಲಲಿ ಅಂತ ಬಿಟ್ಟುಬಿಡುವುದು. ತೆಳು ಗೋಡೆ ಬಾಗುತ್ತದೆ, ಸೀಳುವುದು ಕಡಿಮೆ. ಆದರೆ ಒಂದೇ ಬೈಠಕ್ಕಿನಲ್ಲಿ ಮುಗಿಸಬೇಕು, ನಡುವೆ ಎದ್ದು ಹೋದರೆ ಬಂದು ನೋಡುವಷ್ಟರಲ್ಲಿ ಅಂಚು ಸೊಟ್ಟಗಾಗಿ ಉಳಿ ಒಂದು ಕಡೆ ತಾಗುತ್ತದೆ, ಇನ್ನೊಂದು ಕಡೆ ತಾಗುವುದಿಲ್ಲ. ಸಣ್ಣ ಸೌದೆ ತುಂಡಿಗೆ ನನ್ನ ಓಟು ಇದಕ್ಕೇ. ವಾಲಿದ ಬಟ್ಟಲಿಗೆ ಒಂದು ಗತ್ತು ಇರುತ್ತದೆ. ಇಷ್ಟಾಗಿಯೂ ಬಿರುಕು ಬಂದರೆ ಅಂಟು, ಕಾಫಿಪುಡಿ, ಹೊಳೆಯುವ ರಾಳ ಅಂತ ಏನೇನೋ ತುಂಬುವವರಿದ್ದಾರೆ. ನನಗೆ ಅದು ಸೇರುವುದಿಲ್ಲ. ಅಲಂಕಾರಕ್ಕೆ ಇಡುವುದಾದರೆ ನಿಮ್ಮಿಷ್ಟ, ಆದರೆ ಬಿರುಕು ಗೋಡೆಯ ಆಚೆಗೂ ಹೋಗಿದ್ದರೆ ಅದನ್ನು ಮತ್ತೆ ಲೇತ್ ಮೇಲೆ ತಿರುಗಿಸುವ ಧೈರ್ಯ ಸುಮ್ನೆ ಮಾಡಬೇಡಿ.

ಉಪ್ಪುಕಾಗದ ಒಣಗಿದ ಮೇಲೆ. ಹಸಿ ಮರದಲ್ಲಿ ಅದು ಮೆತ್ತಿಕೊಂಡು ಕೆಲಸಕ್ಕೆ ಬರುವುದಿಲ್ಲ. 120ನೇ ನಂಬರಿನ ಒರಟು ಕಾಗದದಿಂದ ಶುರು ಮಾಡಿ 180, 240, 320 ಅಂತ ನಯದ ಕಡೆಗೆ ಹೋಗಿ. ಬೆರಳಿಗೆ ಬಿಸಿ ತಾಗುವಷ್ಟು ಒತ್ತಿದರೆ ಆ ಬಿಸಿಗೇ ಸಣ್ಣ ಸಣ್ಣ ಬಿರುಕು ಏಳುತ್ತವೆ. ಮಾಸ್ಕ್ ಕಡ್ಡಾಯ. ಮರದ ಧೂಳು ಕ್ಯಾನ್ಸರ್ ತರುವ ವಸ್ತುಗಳ ಮೊದಲನೇ ಗುಂಪಿನಲ್ಲಿದೆ, ಹಾಗೆ ವಿಂಗಡಿಸಿರುವುದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ. ಕುಂಬು ಮರದ ಧೂಳಿನಲ್ಲಿ ಶಿಲೀಂಧ್ರವೂ ಸೇರಿರುತ್ತದೆ.

ಚಕ್‌ಗೆ ಹಿಡಿದಿದ್ದ ಗುಬುಟು ಕೊನೆಗೆ ತೆಗೆಯಬೇಕು. ಬಟ್ಟಲನ್ನು ಬೋರಲು ಹಾಕಿ, ಮರದ ಒಂದು ದುಂಡು ತುಂಡಿಗೆ ಬಟ್ಟೆ ಸುತ್ತಿ ಒಳಗಿಂದ ಒತ್ತಿ ಹಿಡಿಸಿ, ತಳವನ್ನು ನಡುವೆ ಸ್ವಲ್ಪ ಒಳಕ್ಕೆ ತಗ್ಗು ಮಾಡಿ. ಪೂರ್ತಿ ಚಪ್ಪಟೆ ಮಾಡಿದರೆ ಮುಂದೆ ಮರ ಒಂದಿಷ್ಟು ಕದಲಿದಾಗ ಬಟ್ಟಲು ಮೇಜಿನ ಮೇಲೆ ಗಡಗಡ ಅನ್ನುತ್ತದೆ.

ಎಣ್ಣೆಗೆ ಶುದ್ಧ ಅಗಸೆ ಎಣ್ಣೆ ಅಥವಾ ಟಂಗ್ ಮರದ ಬೀಜದ ಎಣ್ಣೆ, ತೆಳ್ಳಗೆ, ಒಂದು ಸಲದ್ದು ಒಣಗಿದ ಮೇಲೆ ಇನ್ನೊಂದು. ಅಗಸೆ ಎಣ್ಣೆ ಒಣಗಲು ನಿಧಾನ. ಬೇಗ ಒಣಗಲಿ ಅಂತ ಲೋಹದ ಅಂಶ ಬೆರೆಸಿ ಮಾರುವ ಬಾಯ್ಲ್ಡ್ ಎಣ್ಣೆಯನ್ನು ಊಟದ ಬಟ್ಟಲಿಗೆ ನಾನು ಬಳಸುವುದಿಲ್ಲ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಈ ಎಣ್ಣೆಗಳು ಒಣಗುವಾಗ ಬಿಸಿ ಹೊರಬರುತ್ತದೆ, ಮುದ್ದೆಯೊಳಗೆ ಆ ಬಿಸಿ ಸೇರಿ ಬಟ್ಟೆ ತಾನಾಗೇ ಹೊತ್ತಿಕೊಳ್ಳಬಹುದು. ಕಾಲಡಿ ಪೂರ್ತಿ ಒಣ ಸಿಪ್ಪೆ ಹರಡಿರುವ ಕೋಣೆಯಲ್ಲಿ ಹಾಗಾದರೆ ಏನು ಗತಿ? ಬಟ್ಟೆಯನ್ನು ಹೊರಗೆ ಒಂದೇ ಪದರವಾಗಿ ಹರಡಿ ಒಣಗಲು ಬಿಡಿ, ಇಲ್ಲವೇ ನೀರು ತುಂಬಿದ ಡಬ್ಬಿಗೆ ಹಾಕಿ ಮುಚ್ಚಳ ಬಿಗಿಯಿರಿ.