ಕುಕೀ ಟಿಪ್ಪಣಿ: ಥರ್ಡ್ ಪಾರ್ಟಿ ಅಂದ್ರೆ ಯಾರು?

ವೆಬ್ ಡೆವಲಪ್‌ಮೆಂಟ್ ಕಲಿಯುತ್ತಿರುವವರಿಗೆ ಈ ಟಿಪ್ಪಣಿ. ಬ್ರೌಸರ್, ಸರ್ವರ್, ಎಚ್‌ಟಿಎಂಎಲ್ ಇಷ್ಟು ಗೊತ್ತು ಅಂದುಕೊಂಡೇ ಶುರು ಮಾಡುತ್ತೇನೆ. ಕುಕೀ ವಿಷಯ ಬಹುಪಾಲು ಸುಲಭ. ಗಂಟು ಇರುವುದು ಒಂದೇ ಕಡೆ, ಥರ್ಡ್ ಪಾರ್ಟಿ ಕುಕೀಯಲ್ಲಿ. ಅದು ಬಿಚ್ಚಿಕೊಂಡರೆ ಪ್ರೈವಸಿ ಗಲಾಟೆ ಏನು ಅಂತ ತಾನಾಗಿ ತಿಳಿಯುತ್ತದೆ. ಹಾಗಾಗಿ ಮಿಕ್ಕಿದ್ದನ್ನೆಲ್ಲ ಬೇಗ ಬೇಗ ಮುಗಿಸಿ ಅಲ್ಲಿ ಜಾಸ್ತಿ ಹೊತ್ತು ನಿಲ್ಲುತ್ತೇನೆ.

ಬೇಸಿಕ್, ಓಡುತ್ತಾ

ಬ್ರೌಸರ್ ಮತ್ತು ಸರ್ವರ್ ಮಾತಾಡಿಕೊಳ್ಳುವ ಭಾಷೆ ಎಚ್‌ಟಿಟಿಪಿ. ಅದಕ್ಕೆ ನೆನಪಿಲ್ಲ. ಪ್ರತಿ ರಿಕ್ವೆಸ್ಟೂ ಅದಕ್ಕೆ ಹೊಸ ಮುಖವೇ. ಕಾರ್ಟಿಗೆ ಏನೋ ಹಾಕಿ ಮುಂದಿನ ಪೇಜಿಗೆ ಹೋದರೆ, ಹಾಕಿದ್ದು ನೀವೇ ಅಂತ ಸರ್ವರ್‌ಗೆ ಗೊತ್ತಾಗುವ ದಾರಿ ಇಲ್ಲ. 1994ರಲ್ಲಿ ನೆಟ್‌ಸ್ಕೇಪ್ ಅನ್ನುವ ಬ್ರೌಸರ್ ಕಂಪನಿಯಲ್ಲಿದ್ದ ಲೂ ಮೊಂಟುಲ್ಲಿ ಇದಕ್ಕೆ ಕುಕೀ ಅನ್ನುವ ಉಪಾಯ ಕಂಡುಕೊಂಡರು. ಆಗ ಎಂಸಿಐ ಅನ್ನುವ ಟೆಲಿಫೋನ್ ಕಂಪನಿಗೆ ಆನ್‌ಲೈನ್ ಅಂಗಡಿ ಬೇಕಿತ್ತು, ಆದರೆ ಅರ್ಧಕ್ಕೆ ನಿಂತ ಖರೀದಿಗಳ ಲೆಕ್ಕವನ್ನು ತಮ್ಮ ಸರ್ವರ್‌ನಲ್ಲಿ ಇಟ್ಟುಕೊಳ್ಳುವುದು ಅವರಿಗೆ ಬೇಡವಾಗಿತ್ತು. ಹಾಗಾದರೆ ಗಿರಾಕಿಯ ಕಂಪ್ಯೂಟರಿನಲ್ಲೇ ಇರಲಿ ಅಂತಾಯಿತು.

ನಡೆಯುವುದು ಇಷ್ಟೇ. ಸರ್ವರ್ ಉತ್ತರ ಕೊಡುವಾಗ ಹೆಡರ್‌ನಲ್ಲಿ, ಅಂದರೆ ಪೇಜಿಗೂ ಮುಂಚೆ ಹೋಗುವ ಮಾಹಿತಿ ಸಾಲುಗಳಲ್ಲಿ, 'ಸೆಟ್-ಕುಕೀ' ಅಂತ ಒಂದು ಸಾಲು ಸೇರಿಸುತ್ತದೆ. ಬ್ರೌಸರ್ ಅದನ್ನು ಆ ಡೊಮೈನ್ ಹೆಸರಿನಲ್ಲಿ ಎತ್ತಿಡುತ್ತದೆ. ಮುಂದೆ ಅದೇ ಡೊಮೈನ್‌ಗೆ ಏನೇ ಕೇಳಲು ಹೋದರೂ, ಎತ್ತಿಟ್ಟಿದ್ದನ್ನು 'ಕುಕೀ' ಅನ್ನುವ ಸಾಲಿನಲ್ಲಿ ವಾಪಸ್ ಕಳಿಸುತ್ತದೆ. ಒಂದು ಹೆಸರು, ಆ ಹೆಸರಿಗೊಂದು ವ್ಯಾಲ್ಯೂ, ಎರಡೂ ಬರೀ ಅಕ್ಷರಗಳು, ಹೆಚ್ಚೆಂದರೆ ಸುಮಾರು 4096 ಬೈಟ್. ಅದು ಪ್ರೋಗ್ರಾಂ ಅಲ್ಲ, ವೈರಸ್ ಅಂತೂ ಅಲ್ಲವೇ ಅಲ್ಲ. ಸಾಮಾನ್ಯವಾಗಿ ಒಳಗೆ ನಿಮ್ಮ ಹೆಸರೂ ಇರುವುದಿಲ್ಲ, ಉದ್ದದ್ದೊಂದು ಅರ್ಥವಿಲ್ಲದ ನಂಬರ್ ಇರುತ್ತದೆ. ದೇವಸ್ಥಾನದ ಹೊರಗೆ ಚಪ್ಪಲಿ ಬಿಟ್ಟಾಗ ಕೊಡುವ ಟೋಕನ್ ಥರ: ಟೋಕನ್ ಮೇಲೆ ನಂಬರ್ ಮಾತ್ರ, ಚಪ್ಪಲಿ ಇರುವುದು ಅವರ ಹತ್ತಿರ. ಟೋಕನ್ ಯಾರ ಕೈಗೆ ಸಿಕ್ಕರೂ ಚಪ್ಪಲಿ ಅವರದ್ದೇ. ಲಾಗಿನ್ ಕುಕೀ ಕದ್ದರೆ ಪಾಸ್‌ವರ್ಡ್ ಇಲ್ಲದೆಯೂ ಅಕೌಂಟ್ ಒಳಗೆ ಹೋಗಬಹುದು ಅನ್ನುವುದು ಇದಕ್ಕೇ.

ಕುಕೀ ಜೊತೆ ಒಂದಷ್ಟು ಷರತ್ತುಗಳೂ ಬರುತ್ತವೆ. ಎಕ್ಸ್‌ಪೈರ್ಸ್ ಅಥವಾ ಮ್ಯಾಕ್ಸ್-ಏಜ್ ಕೊಟ್ಟರೆ ಅಲ್ಲಿಯವರೆಗೆ ಇರುತ್ತದೆ, ಕೊಡದಿದ್ದರೆ ಬ್ರೌಸರ್ ಮುಚ್ಚಿದಾಗ ಹೋಗಬೇಕು. ಕ್ರೋಮ್ ಈಗ 400 ದಿನಕ್ಕಿಂತ ಜಾಸ್ತಿ ಆಯುಸ್ಸು ಕೊಡುವುದಿಲ್ಲ. ಸೆಕ್ಯೂರ್ ಅಂದರೆ ಎಚ್‌ಟಿಟಿಪಿಎಸ್‌ನಲ್ಲಿ ಮಾತ್ರ ಹೋಗಲಿ ಅಂತ. ಎಚ್‌ಟಿಟಿಪಿ-ಓನ್ಲಿ ಅಂದರೆ ಪೇಜಿನ ಜಾವಾಸ್ಕ್ರಿಪ್ಟ್ ಇದನ್ನು ಮುಟ್ಟದಿರಲಿ ಅಂತ. ಲಾಗಿನ್ ಕುಕೀಗೆ ಎರಡೂ ಹಾಕಿ, ಪ್ರಶ್ನೆ ಬೇಡ. ಸೇಮ್‌ಸೈಟ್ ಅನ್ನುವುದು ಇನ್ನೊಂದಿದೆ, ಅದು ಕೆಳಗೆ ಬರುತ್ತದೆ.

ಗಂಟು ಇರುವುದು ಇಲ್ಲಿ

ಯಾವ ಪಾಠ ತೆಗೆದರೂ ಎರಡು ವಾಕ್ಯ ಸಿಗುತ್ತವೆ. ಒಂದು, ಕುಕೀಯನ್ನು ಇಟ್ಟ ಸೈಟ್ ಮಾತ್ರ ಓದಬಲ್ಲದು. ಎರಡು, ಥರ್ಡ್ ಪಾರ್ಟಿ ಕುಕೀ ನಿಮ್ಮನ್ನು ಸೈಟಿನಿಂದ ಸೈಟಿಗೆ ಹಿಂಬಾಲಿಸುತ್ತದೆ. ನನ್ನ ತಲೆ ಕೆಟ್ಟಿದ್ದು ಇಲ್ಲೇ. ಒಬ್ಬರದ್ದನ್ನು ಇನ್ನೊಬ್ಬರು ಓದುವ ಹಾಗೇ ಇಲ್ಲ ಅಂದಮೇಲೆ ಹಿಂಬಾಲಿಸುವುದು ಹೇಗೆ? ಪಾಠಗಳು ಈ ಎರಡು ವಾಕ್ಯಗಳನ್ನು ಅಕ್ಕಪಕ್ಕ ಇಟ್ಟು ಆರಾಮವಾಗಿ ಮುಂದೆ ಹೋಗಿಬಿಡುತ್ತವೆ.

ಉತ್ತರ ಇರುವುದು ಒಂದು ಸಣ್ಣ ಪ್ರಶ್ನೆಯಲ್ಲಿ: ರಿಕ್ವೆಸ್ಟ್ ಕಳಿಸುವವರು ಯಾರು?

ನಿಧಾನವಾಗಿ ನೋಡೋಣ. ನೀವು ಸೀರೆ ಮಾರುವ ಒಂದು ಸೈಟ್ ತೆರೆದಿರಿ. ಸರ್ವರ್ ಕಳಿಸಿದ ಪೇಜಿನಲ್ಲಿ ಒಂದು ಸಾಲು ಹೀಗಿದೆ: ಈ ಜಾಗಕ್ಕೆ ಬೇಕಾದ ಚಿತ್ರವನ್ನು ಇಂಥ ಜಾಹೀರಾತು ಕಂಪನಿಯಿಂದ ತಂದುಕೋ. ಈ ಸಾಲನ್ನು ಓದುವುದು ನಿಮ್ಮ ಬ್ರೌಸರ್. ಚಿತ್ರ ತರಲು ಹೋಗುವುದೂ ನಿಮ್ಮ ಬ್ರೌಸರೇ. ಸೀರೆ ಅಂಗಡಿಯ ಸರ್ವರ್ ಅಲ್ಲ. ಇದು ಅಂಡರ್‌ಲೈನ್ ಮಾಡಿಕೊಳ್ಳಬೇಕಾದ ಜಾಗ, ಯಾಕೆಂದರೆ ನಾವೆಲ್ಲ ಮನಸ್ಸಿನಲ್ಲಿ ಅಂದುಕೊಂಡಿರುವುದು ಸೀರೆ ಸೈಟಿನವರು ಹಿಂದಿನ ಬಾಗಿಲಿನಿಂದ ಜಾಹೀರಾತು ಕಂಪನಿಗೆ ನಮ್ಮ ಕುಕೀ ದಾಟಿಸುತ್ತಾರೆ ಅಂತ. ಹಾಗೇನೂ ಆಗುವುದಿಲ್ಲ. ನಿಮ್ಮ ಬ್ರೌಸರ್ ನೇರವಾಗಿ ಜಾಹೀರಾತು ಕಂಪನಿಯ ಬಾಗಿಲಿಗೆ ಹೋಗಿ ನಿಲ್ಲುತ್ತದೆ. ಅವರು ಚಿತ್ರದ ಜೊತೆ ಒಂದು ಸೆಟ್-ಕುಕೀ ಕೊಡುತ್ತಾರೆ, ಐಡಿ 7391 ಅಂತ ಇಟ್ಟುಕೊಳ್ಳಿ. ಬ್ರೌಸರ್ ಅದನ್ನು ಜಾಹೀರಾತು ಕಂಪನಿಯ ಹೆಸರಿನಲ್ಲಿ ಎತ್ತಿಡುತ್ತದೆ, ಸೀರೆ ಸೈಟಿನ ಹೆಸರಿನಲ್ಲಲ್ಲ.

ಸಂಜೆ ನೀವು ಒಂದು ಸುದ್ದಿ ಸೈಟ್ ತೆರೆದಿರಿ. ಅದರ ಪೇಜಿನಲ್ಲೂ ಅದೇ ಜಾಹೀರಾತು ಕಂಪನಿಯ ಸಾಲು. ಬ್ರೌಸರ್ ಮತ್ತೆ ಅವರ ಬಾಗಿಲಿಗೆ. ಇಟ್ಟವರಿಗೆ ವಾಪಸ್ ಕೊಡು ಅನ್ನುವ ನಿಯಮದ ಪ್ರಕಾರ 7391 ಅನ್ನು ತಾನಾಗಿ ಜೊತೆಗೆ ಒಯ್ಯುತ್ತದೆ. ಜೊತೆಗೆ ರೆಫರರ್ ಅನ್ನುವ ಹೆಡರ್ ಕೂಡ ಹೋಗುತ್ತದೆ, ಯಾವ ಸೈಟಿನಿಂದ ಬಂದೆ ಅಂತ ಹೇಳುವುದಕ್ಕೆ. ಈಗ ಆ ಕಂಪನಿಯ ಪುಸ್ತಕದಲ್ಲಿ ಹೀಗಿರುತ್ತದೆ: 7391, ಬೆಳಿಗ್ಗೆ ಸೀರೆ, ಸಂಜೆ ಸುದ್ದಿ. ಸೀರೆ ಸೈಟ್ ಸುದ್ದಿ ಸೈಟಿನ ಕುಕೀ ಓದಿಲ್ಲ. ಸುದ್ದಿ ಸೈಟ್ ಸೀರೆ ಸೈಟಿನದ್ದನ್ನು ಓದಿಲ್ಲ. ಜಾಹೀರಾತು ಕಂಪನಿ ತನ್ನದನ್ನು ಮಾತ್ರ ಓದಿದೆ. ಒಂದು ನಿಯಮವೂ ಮುರಿದಿಲ್ಲ, ಆದರೂ ನಿಮ್ಮ ದಿನದ ಓಡಾಟ ಒಬ್ಬರ ಪುಸ್ತಕದಲ್ಲಿ ಸಾಲಾಗಿ ಕೂತಿದೆ. ಸುದ್ದಿ ಪೇಜಿನ ಪಕ್ಕದಲ್ಲಿ ಬೆಳಿಗ್ಗೆ ನೋಡಿದ ಇಳಕಲ್ ಸೀರೆಯೇ ಮತ್ತೆ ಬಂದು ನಿಂತರೆ ಮಾಯವೇನಲ್ಲ, 7391 ಅಷ್ಟೇ.

ಸರಿ, ಇಲ್ಲಿಂದ ಮುಂದಿನ ಹೆಜ್ಜೆ. ಕುಕೀ ಮೇಲೆ 'ನಾನು ಥರ್ಡ್ ಪಾರ್ಟಿ' ಅಂತ ಯಾವ ಗುರುತೂ ಇರುವುದಿಲ್ಲ. ಫರ್ಸ್ಟ್, ಥರ್ಡ್ ಅನ್ನುವುದು ಕುಕೀಯ ಜಾತಿ ಅಲ್ಲ, ಆ ಹೊತ್ತಿಗೆ ಅದು ನಿಂತಿರುವ ಜಾಗ. ಫೇಸ್‌ಬುಕ್ ತೆರೆದು ಲಾಗಿನ್ ಆದಾಗ ಅದರ ಕುಕೀ ಫರ್ಸ್ಟ್ ಪಾರ್ಟಿ. ಬೇರೆ ಸೈಟುಗಳಲ್ಲಿ ಇರುತ್ತಿದ್ದ ಫೇಸ್‌ಬುಕ್‌ನ ಲೈಕ್ ಬಟನ್ ಲೋಡ್ ಆದಾಗ ಹೋಗುತ್ತಿದ್ದ ಅದೇ ಕುಕೀ, ಅದೇ ನಂಬರ್, ಥರ್ಡ್ ಪಾರ್ಟಿ. ನನ್ನ ಶಾರ್ಟ್‌ಕಟ್ ಇದು: ಅಡ್ರೆಸ್ ಬಾರ್ ನೋಡಿ. ಅಲ್ಲಿರುವ ಹೆಸರಿನವರು ಫರ್ಸ್ಟ್, ಮಿಕ್ಕವರೆಲ್ಲ ಥರ್ಡ್. ಪರೀಕ್ಷೆಗೂ ಇದು ಸಾಕು, ಕೆಲಸಕ್ಕೂ ಬಹುಪಾಲು ಸಾಕು.

ಬಟನ್ ಒತ್ತಬೇಕು ಅಂತಲೂ ಇರಲಿಲ್ಲ ನೋಡಿ, ಲೋಡ್ ಆದರೆ ಸಾಕಿತ್ತು. ಬೆಲ್ಜಿಯಂನಲ್ಲಿ ಇದೇ ವಿಷಯಕ್ಕೆ ಜಗಳ ಆಗಿತ್ತು. ಫೇಸ್‌ಬುಕ್ ಅಕೌಂಟೇ ಇಲ್ಲದವರ ಬ್ರೌಸರಿನಲ್ಲೂ ಅದರ 'ಡಿಎಟಿಆರ್' ಅನ್ನುವ ಕುಕೀ ಕೂರುತ್ತಿತ್ತು. 2015ರ ನವೆಂಬರಿನಲ್ಲಿ ಬ್ರಸೆಲ್ಸ್ ಕೋರ್ಟ್ ಅದನ್ನು ನಿಲ್ಲಿಸಿ, ಇಲ್ಲವಾದರೆ ದಿನಕ್ಕೆ 2,50,000 ಯೂರೋ ದಂಡ ಅಂದಿತು. ಮರುವರ್ಷ ಮೇಲ್ಮನವಿಯಲ್ಲಿ, ಈ ಕೇಸು ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಅಂತ ಆ ಆದೇಶ ಬಿದ್ದುಹೋಯಿತು.

ಅಡ್ರೆಸ್ ಬಾರ್ ಶಾರ್ಟ್‌ಕಟ್ಟಿಗೆ ಎರಡು ತಕರಾರು ಇವೆ. ಮೊದಲನೆಯದು ಸಣ್ಣದು. ಒಂದೇ ಡೊಮೈನಿನ ಉಪ-ಡೊಮೈನುಗಳು ಒಂದೇ ಮನೆಯವರು, ಅವರನ್ನು ಥರ್ಡ್ ಅನ್ನಬೇಡಿ. ಹಾಗಂತ 'ಡಾಟ್ ಕೋ ಡಾಟ್ ಇನ್' ಇರುವವರೆಲ್ಲ ಒಂದೇ ಮನೆಯವರಲ್ಲ. ಇಂಥ ಬಾಲಗಳ ಪಟ್ಟಿಯನ್ನು ಬ್ರೌಸರುಗಳು ಇಟ್ಟುಕೊಂಡಿರುತ್ತವೆ. ಪಬ್ಲಿಕ್ ಸಫಿಕ್ಸ್ ಲಿಸ್ಟ್ ಅಂತ ಅದಕ್ಕೆ ಹೆಸರು.

ಎರಡನೆಯದು ದೊಡ್ಡದು. ಹೊರಗಿನ ಕಂಪನಿಯ *ಚಿತ್ರ* ತಂದರೆ ಒಂದು ಕಥೆ, ಅವರ *ಸ್ಕ್ರಿಪ್ಟ್* ತಂದರೆ ಇನ್ನೊಂದು. ಸ್ಕ್ರಿಪ್ಟ್ ಎಲ್ಲಿಂದಲೇ ಬಂದಿರಲಿ, ಓಡುವುದು ಪೇಜಿನ ಯಜಮಾನನ ಹೆಸರಿನಲ್ಲಿ. ಅದು ಕುಕೀ ಇಟ್ಟರೆ ಆ ಕುಕೀ ಫರ್ಸ್ಟ್ ಪಾರ್ಟಿಯೇ ಆಗುತ್ತದೆ. ಸೈಟಿಗೆ ಬಂದುಹೋದವರ ಲೆಕ್ಕ ಇಡುವ ಗೂಗಲ್ ಅನಲಿಟಿಕ್ಸ್‌ನ 'ಅಂಡರ್‌ಸ್ಕೋರ್ ಜಿಎ' (_ga) ಕುಕೀ ಹೀಗೆಯೇ. ಕೋಡ್ ಗೂಗಲ್‌ನದ್ದು, ಕುಕೀ ಸುದ್ದಿ ಸೈಟಿನ ಹೆಸರಿನಲ್ಲಿ, ಓದಿದ ಲೆಕ್ಕ ಮತ್ತೆ ಗೂಗಲ್‌ಗೆ. ಆದರೆ ಸೈಟಿಗೊಂದು ಬೇರೆ ನಂಬರ್ ಇರುವುದರಿಂದ ಬರೀ ಈ ಕುಕೀಯಿಂದ ಸೀರೆಯನ್ನೂ ಸುದ್ದಿಯನ್ನೂ ಗಂಟು ಹಾಕಲು ಆಗುವುದಿಲ್ಲ. ಎರಡೂ ಕಡೆ ಒಂದೇ ಇಮೇಲ್‌ನಿಂದ ಲಾಗಿನ್ ಆದರೆ ಬೇರೆ ಮಾತು. 'ನಮ್ಮಲ್ಲಿ ಫರ್ಸ್ಟ್ ಪಾರ್ಟಿ ಕುಕೀ ಮಾತ್ರ' ಅಂತ ಯಾರಾದರೂ ಹೆಮ್ಮೆಯಿಂದ ಹೇಳಿದರೆ, ಸ್ಕ್ರಿಪ್ಟ್ ಯಾರದ್ದು ಅಂತ ಕೇಳಿ.

ನೀವೇ ನೋಡಿ

ಕ್ರೋಮ್‌ನಲ್ಲಿ ಎಫ್12 ಒತ್ತಿ, ಅಪ್ಲಿಕೇಶನ್ ಟ್ಯಾಬ್, ಎಡಗಡೆ ಕುಕೀಸ್. ಫೈರ್‌ಫಾಕ್ಸ್‌ನಲ್ಲಾದರೆ ಸ್ಟೋರೇಜ್. ಮೊದಲು ಕನ್ನಡ ವಿಕಿಪೀಡಿಯ ತೆರೆಯಿರಿ. ಜಾಹೀರಾತು ಇಲ್ಲದ ಸೈಟ್, ಪಟ್ಟಿ ಚಿಕ್ಕದು. ಅಲ್ಲೂ 'ಜಿಯೋಐಪಿ' ಅನ್ನುವ ಕುಕೀ ಕಾಣುತ್ತದೆ, ಒಳಗೆ ನಿಮ್ಮ ದೇಶ, ರಾಜ್ಯ, ಊರಿನ ಅಂದಾಜು. ಐಪಿ ವಿಳಾಸದಿಂದ ಊಹಿಸಿದ್ದು ಅದು, ಜಿಪಿಎಸ್ ಅಲ್ಲ. ಆಮೇಲೆ ಜಾಹೀರಾತು ತುಂಬಿದ ಯಾವುದಾದರೂ ಸುದ್ದಿ ಸೈಟ್ ತೆರೆದು ನೆಟ್‌ವರ್ಕ್ ಟ್ಯಾಬ್ ನೋಡಿ. ಒಂದು ಪೇಜಿಗೆ ಎಷ್ಟು ಊರಿನ ನೆಂಟರು ಬರುತ್ತಾರೆ ಅಂತ ಎಣಿಸುವುದು ಸುಮ್ನೆ ಟೈಂಪಾಸ್‌ಗೂ ಚೆನ್ನಾಗಿದೆ.

ಬ್ರೌಸರುಗಳು ಮಾಡಿದ್ದು

1997ರ ಮೊದಲ ಕುಕೀ ಸ್ಟ್ಯಾಂಡರ್ಡ್, ಅಂದರೆ ಆರ್‌ಎಫ್‌ಸಿ 2109, ಥರ್ಡ್ ಪಾರ್ಟಿ ಕುಕೀಗೆ ತಡೆ ಇರಬೇಕು ಅಂತಲೇ ಹೇಳಿತ್ತು. ಬ್ರೌಸರುಗಳು ಕಿವಿಗೆ ಹಾಕಿಕೊಳ್ಳಲಿಲ್ಲ, ಅಷ್ಟರಲ್ಲಾಗಲೇ ಡಬಲ್‌ಕ್ಲಿಕ್‌ನಂಥ ಜಾಹೀರಾತು ಕಂಪನಿಗಳು ಇದರ ಮೇಲೆಯೇ ವ್ಯಾಪಾರ ಕಟ್ಟತೊಡಗಿದ್ದವು. ಸಫಾರಿ ಪೂರ್ತಿಯಾಗಿ ತಡೆದಿದ್ದು 2020ರ ಮಾರ್ಚಿನಲ್ಲಿ. ಕ್ರೋಮ್ ಅದೇ ವರ್ಷ ಎರಡು ವರ್ಷದಲ್ಲಿ ತೆಗೆಯುತ್ತೇವೆ ಅಂದಿತು, ಮುಂದೂಡಿತು, ಮತ್ತೆ ಮುಂದೂಡಿತು, 2024ರ ಜನವರಿಯಲ್ಲಿ ನೂರಕ್ಕೆ ಒಬ್ಬರಿಗೆ ಪ್ರಯೋಗ ಮಾಡಿತು, ಕೊನೆಗೆ 2025ರಲ್ಲಿ ಇರುವ ಹಾಗೇ ಇರಲಿ ಅಂತ ಬಿಟ್ಟಿತು. ಬ್ರೌಸರ್ ಮಾಡುವವರೂ ಜಾಹೀರಾತು ಮಾರುವವರೂ ಒಬ್ಬರೇ ಆದರೆ ಇನ್ನೇನಾಗುತ್ತದೆ ಅಲ್ವಾ. 2020ರಲ್ಲಿ ಕ್ರೋಮ್ ಮಾಡಿದ ಒಂದು ಒಳ್ಳೆಯ ಬದಲಾವಣೆ ಸೇಮ್‌ಸೈಟ್‌ನದ್ದು, ಅಂದರೆ ಬೇರೆ ಸೈಟಿನಿಂದ ಹೋಗುವ ರಿಕ್ವೆಸ್ಟ್ ಜೊತೆ ಕುಕೀ ಹೋಗಬಹುದೇ ಅಂತ ಹೇಳುವ ಷರತ್ತಿನದ್ದು. ಏನೂ ಹೇಳದ ಕುಕೀಯನ್ನು 'ಲ್ಯಾಕ್ಸ್' ಅಂತ ಎಣಿಸುತ್ತದೆ, ಅದು ಬೇರೆ ಸೈಟಿನ ಪೇಜಿನೊಳಗಿಂದ ಹೋಗುವುದಿಲ್ಲ. ಹೋಗಬೇಕಾದರೆ 'ನನ್' (None) ಮತ್ತು ಸೆಕ್ಯೂರ್ ಎರಡೂ ಬರೆಯಲೇಬೇಕು. ಎಫ್12 ಒತ್ತಿದಾಗ ಬರುವ ಡೆವ್ ಟೂಲ್ಸ್‌ನ ಸೇಮ್‌ಸೈಟ್ ಕಾಲಂನಲ್ಲಿ 'ನನ್' ಕಂಡರೆ ಇದು ಊರೂರು ಸುತ್ತಲು ತಯಾರಾದ ಕುಕೀ ಅಂತ ಅರ್ಥ.

ನನಗೆ ತುಂಬ ಇಷ್ಟವಾಗಿದ್ದು ಫೈರ್‌ಫಾಕ್ಸ್‌ನ ದಾರಿ, 2022ರ ಜೂನ್‌ನಿಂದ ಎಲ್ಲ ಡೆಸ್ಕ್‌ಟಾಪ್ ಬಳಕೆದಾರರಿಗೂ ತಾನಾಗಿ ಬಂದಿದ್ದು. ಅಲ್ಲಿ ಅಡ್ರೆಸ್ ಬಾರ್‌ನ ಪ್ರತಿ ಸೈಟಿಗೂ ಬೇರೆ ಖಾನೆ. ಸೀರೆ ಸೈಟಿನ ಖಾನೆಯಲ್ಲಿ ಜಾಹೀರಾತು ಕಂಪನಿ 7391 ಇಟ್ಟರೆ, ಸುದ್ದಿ ಸೈಟಿನಲ್ಲಿ ಆ ಖಾನೆ ತೆರೆಯುವುದೇ ಇಲ್ಲ. ಅಲ್ಲಿ ಅವರು ಹೊಸದಾಗಿ 8204 ಇಡಬೇಕು. ಕುಕೀ ಕೆಲಸ ಮಾಡುತ್ತದೆ, ಪುಸ್ತಕದ ಸಾಲು ಮಾತ್ರ ಕೂಡುವುದಿಲ್ಲ. ಮೇಲಿನ ಕಥೆ ಅರ್ಥವಾಗಿದ್ದರೆ ಇದರ ಚೆಂದ ತಕ್ಷಣ ಹೊಳೆಯುತ್ತದೆ.

ಬ್ಯಾನರ್ ಮತ್ತು ಕಾನೂನು

'ಎಲ್ಲ ಒಪ್ಪುತ್ತೇನೆ' ಬಟನ್ನಿನ ಹುಟ್ಟೂರು ಯೂರೋಪ್. 2009ರಲ್ಲಿ ತಿದ್ದಿದ ಇ-ಪ್ರೈವಸಿ ನಿರ್ದೇಶನದ ಪ್ರಕಾರ, ಬಳಕೆದಾರರ ಸಾಧನದಲ್ಲಿ ಏನಾದರೂ ಇಡಲು ಅಥವಾ ಇರುವುದನ್ನು ಓದಲು ಒಪ್ಪಿಗೆ ಬೇಕು. ಕುಕೀ ಬದಲು ಲೋಕಲ್ ಸ್ಟೋರೇಜ್ ಅನ್ನುವ ಬ್ರೌಸರಿನ ಇನ್ನೊಂದು ಖಾನೆಯಲ್ಲಿಟ್ಟರೂ ಇದೇ ನಿಯಮ. ಕಾರ್ಟ್, ಲಾಗಿನ್ ಥರದ ತೀರಾ ಅಗತ್ಯದ್ದಕ್ಕೆ ವಿನಾಯಿತಿ. ಒಪ್ಪಿಗೆ ಅಂದರೆ ಏನು ಅನ್ನುವುದು 2018ರ ಮೇ 25ರಿಂದ ಜಾರಿಯಾದ ಜಿಡಿಪಿಆರ್ ಅನ್ನುವ ಯೂರೋಪಿನ ಮಾಹಿತಿ ರಕ್ಷಣೆ ಕಾನೂನಿನಿಂದ ಬಿಗಿಯಾಯಿತು. 2019ರಲ್ಲಿ ಪ್ಲಾನೆಟ್49 ಕೇಸಿನಲ್ಲಿ ಯೂರೋಪಿನ ನ್ಯಾಯಾಲಯ, ಮೊದಲೇ ಟಿಕ್ ಹಾಕಿಟ್ಟ ಬಾಕ್ಸ್ ಒಪ್ಪಿಗೆಯೇ ಅಲ್ಲ ಅಂದಿತು. ಒಪ್ಪಲು ಒಂದು ಕ್ಲಿಕ್, ಬೇಡ ಅನ್ನಲು ಹಲವು ಕ್ಲಿಕ್ ಇಟ್ಟಿದ್ದಕ್ಕೆ 2022ರ ಜನವರಿಯಲ್ಲಿ ಫ್ರಾನ್ಸಿನ ಪ್ರೈವಸಿ ಕಾವಲು ಸಂಸ್ಥೆ ಸಿಎನ್‌ಐಎಲ್ ಗೂಗಲ್‌ಗೆ 15 ಕೋಟಿ ಯೂರೋ, ಫೇಸ್‌ಬುಕ್‌ಗೆ 6 ಕೋಟಿ ಯೂರೋ ದಂಡ ಹಾಕಿದ ಸುದ್ದಿ ಬಂತು.

ನಮ್ಮಲ್ಲಿ ಪ್ರೈವಸಿ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2017ರ ಆಗಸ್ಟ್ 24ರಂದು. ಆ ಕೇಸ್ ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಡಿಪಿಡಿಪಿ, ಅಂದರೆ ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣೆ ಕಾಯ್ದೆ 2023ರಲ್ಲಿ ಬಂತು, ನಿಯಮಗಳು 2025ರ ನವೆಂಬರಿನಲ್ಲಿ. ಕಂಪನಿಗಳ ಮುಖ್ಯ ಹೊಣೆಗಳು ಜಾರಿಯಾಗಲು ಅಲ್ಲಿಂದ 18 ತಿಂಗಳು ಸಮಯ ಕೊಟ್ಟಿದ್ದಾರೆ. ಕಾಯ್ದೆಯಲ್ಲಿ ಕುಕೀ ಅನ್ನುವ ಮಾತೇ ಇಲ್ಲ, ಅದು ಮಾತಾಡುವುದು ವೈಯಕ್ತಿಕ ಮಾಹಿತಿ ಬಗ್ಗೆ. ಕಲಿಯುವವರು ಮೂರು ಅಂಶ ಹಿಡಿದುಕೊಳ್ಳಿ. ಒಪ್ಪಿಗೆ ಕೊಡುವಷ್ಟೇ ಸುಲಭವಾಗಿ ವಾಪಸ್ ತೆಗೆದುಕೊಳ್ಳಲು ಆಗಬೇಕು. 18 ವರ್ಷದೊಳಗಿನವರನ್ನು ಹಿಂಬಾಲಿಸಿ ಜಾಹೀರಾತು ತೋರಿಸುವ ಹಾಗಿಲ್ಲ. ಒಪ್ಪಿಗೆ ಕೇಳುವ ನೋಟಿಸನ್ನು ಸಂವಿಧಾನದ ಎಂಟನೇ ಪರಿಚ್ಛೇದದ ಯಾವ ಭಾಷೆಯಲ್ಲಾದರೂ ಓದುವ ಆಯ್ಕೆ ಇರಬೇಕು, ಅಂದರೆ ಕನ್ನಡದಲ್ಲೂ. ಸೈಟ್ ಕಟ್ಟುವವರು ನೀವಾದರೆ ಆ ಕನ್ನಡವನ್ನು ಮಷೀನ್ ಕೈಗೆ ಕೊಟ್ಟು ಕೈತೊಳೆದುಕೊಳ್ಳಬೇಡಿ ದಯವಿಟ್ಟು.

ಉಳಿದ ಚೂರುಪಾರು

ಇನ್‌ಕಾಗ್ನಿಟೋದಲ್ಲಿ ಕುಕೀ ಇರುವುದಿಲ್ಲ ಅಂತ ತುಂಬ ಜನ ಹೇಳುತ್ತಾರೆ. ಇರುತ್ತದೆ. ಖಾಲಿ ಖಾನೆಯಿಂದ ಶುರುವಾಗಿ, ಕೊನೆಯ ಇನ್‌ಕಾಗ್ನಿಟೋ ಕಿಟಕಿ ಮುಚ್ಚಿದಾಗ ಅಳಿಸಿಹೋಗುತ್ತದೆ. ಅದರೊಳಗೆ ಲಾಗಿನ್ ಆದರೆ ಸೈಟಿಗೆ ನೀವು ಯಾರು ಅಂತ ಗೊತ್ತೇ ಗೊತ್ತು. ನಿಮ್ಮ ಐಪಿ ವಿಳಾಸವೂ ಮರೆಯಾಗುವುದಿಲ್ಲ.

ಕುಕೀ ಎಲ್ಲ ಅಳಿಸಿದರೂ ಫಿಂಗರ್‌ಪ್ರಿಂಟಿಂಗ್ ಅಂತ ಒಂದು ಉಳಿಯುತ್ತದೆ. ಸ್ಕ್ರೀನ್ ಅಳತೆ, ಫಾಂಟ್‌ಗಳು, ಟೈಮ್ ಝೋನ್, ಗ್ರಾಫಿಕ್ಸ್ ಕಾರ್ಡ್ ಬರೆಯುವ ರೀತಿ ಇವನ್ನೆಲ್ಲ ಸೇರಿಸಿ ನಿಮ್ಮ ಬ್ರೌಸರನ್ನು ಗುರುತು ಹಿಡಿಯುವುದು. ನಿಮ್ಮ ಕಂಪ್ಯೂಟರಿನಲ್ಲಿ ಏನನ್ನೂ ಇಡುವುದಿಲ್ಲವಾದ್ದರಿಂದ ಅಳಿಸಲೂ ಏನೂ ಸಿಗುವುದಿಲ್ಲ. ಲ್ಯಾಪ್‌ಟಾಪಿನಲ್ಲಿ ಕನ್ನಡ ಫಾಂಟುಗಳನ್ನು ಗುಡ್ಡೆ ಹಾಕಿಕೊಂಡವರು ಫಾಂಟ್ ಪಟ್ಟಿಯಲ್ಲಿ ಸ್ವಲ್ಪ ಎದ್ದು ಕಾಣುತ್ತಾರೆ, ಇದು ನನ್ನಂಥವರಿಗೆ ಬೇಜಾರಿನ ವಿಷಯ. ಫೈರ್‌ಫಾಕ್ಸ್‌ನಲ್ಲಿ ಫಿಂಗರ್‌ಪ್ರಿಂಟಿಂಗ್ ತಡೆಯುವ ಸೆಟ್ಟಿಂಗ್ ಬಿಗಿ ಮಾಡಿದರೆ ಸೈಟುಗಳಿಗೆ ಸಿಸ್ಟಂ ಜೊತೆ ಬಂದ ಫಾಂಟುಗಳಷ್ಟೇ ಕಾಣುವ ಹಾಗೆ ಮಾಡಬಹುದು.