ಕಟಾಡೆಸ್ಮೋಸ್: ಸೀಸದ ತಗಡಿನ ಮೇಲೆ ಬರೆದ ಮಾಟ

ಎದುರಾಳಿಯ ಹೆಸರನ್ನು ಸೀಸದ ತೆಳು ತಗಡಿನ ಮೇಲೆ ಗೀರಿ ಬರೆದು, ತಗಡನ್ನು ಸುತ್ತಿ ಅಥವಾ ಮಡಿಚಿ, ಎಷ್ಟೋ ಸಲ ಅದಕ್ಕೊಂದು ಮೊಳೆಯನ್ನೂ ಜಡಿದು, ಗೋರಿಯಲ್ಲೋ ಬಾವಿಯಲ್ಲೋ ಹಾಕಿಬರುವ ಮಾಟವನ್ನು ಪ್ರಾಚೀನ ಗ್ರೀಕರು ‘ಕಟಾಡೆಸ್ಮೋಸ್’, ಅಂದರೆ ಕಟ್ಟು, ಎಂದು ಕರೆದರು. ರೋಮನ್ನರ ಕಾಲದ ಇಂಥ ತಗಡುಗಳಿಗೆ ವಿದ್ವಾಂಸರಲ್ಲಿ ‘ಡಿಫಿಕ್ಸಿಯೋ’ ಎಂಬ ಲ್ಯಾಟಿನ್ ಹೆಸರು ರೂಢಿಯಲ್ಲಿದೆ. ಈವರೆಗೆ 1,600ಕ್ಕೂ ಹೆಚ್ಚು ಸಿಕ್ಕಿವೆ.

ಮಾಟವೆಂದೊಡನೆ ಕೊಲ್ಲುವ ಉದ್ದೇಶವನ್ನೇ ಊಹಿಸುವವರಿಗೆ ಇವು ಅಚ್ಚರಿ ತರುತ್ತವೆ. ಗ್ರೀಕ್ ತಗಡುಗಳಲ್ಲಿ ಹೆಚ್ಚಿನವು ಕೇಳುವುದು ಸಾವನ್ನಲ್ಲ, ಸ್ತಂಭನವನ್ನು: ಎದುರಾಳಿಯ ನಾಲಿಗೆ, ಕೈಕಾಲು, ಬುದ್ಧಿ ಕೆಲಸಕ್ಕೆ ಬಾರದಂತಾಗಬೇಕು, ಅಷ್ಟೇ. ಅಥೆನ್ಸಿನ ಕೆಲವು ತಗಡುಗಳಲ್ಲಿ, ಈ ಸೀಸ ಹೇಗೆ ತಣ್ಣಗೆ ನಿಷ್ಪ್ರಯೋಜಕವಾಗಿದೆಯೋ ಹಾಗೆಯೇ ಆತನ ಮಾತೂ ಕೆಲಸವೂ ಆಗಲಿ ಎಂದಿದೆ. ಸತ್ತವರೂ ಹರ್ಮಿಸ್, ಹೆಕಟಿ, ಪರ್ಸೆಫೊನಿಯರಂಥ ಪಾತಾಳಕ್ಕೆ ಸಂಬಂಧಿಸಿದ ದೇವತೆಗಳೂ ಇದನ್ನು ನಡೆಸಿಕೊಡುತ್ತಾರೆಂಬ ನಂಬಿಕೆಯಿದ್ದುದರಿಂದ, ಅಕಾಲದಲ್ಲಿ ಸತ್ತವರ ಗೋರಿಗಳು ಇದಕ್ಕೆ ವಿಶೇಷವಾಗಿ ಒದಗಿಬರುತ್ತಿದ್ದವು.

ನ್ಯಾಯಾಲಯದ ವ್ಯಾಜ್ಯಗಳಲ್ಲಿ ಇದರ ಬಳಕೆ ವಿಪರೀತವಾಗಿತ್ತು. ಅಥೆನ್ಸಿನ ಕೆರಾಮೈಕೋಸ್ ಸ್ಮಶಾನದ ಒಂದು ಗೋರಿಯಲ್ಲಿ, ಸುಮಾರು ಕ್ರಿ.ಪೂ. 400ರ ಕಾಲದ ಪುಟ್ಟ ಸೀಸದ ಶವಪೆಟ್ಟಿಗೆ ಸಿಕ್ಕಿತು. ಅದರೊಳಗಿನ ಸೀಸದ ಗೊಂಬೆಯ ಕೈಗಳನ್ನು ಬೆನ್ನ ಹಿಂದೆ ತಿರುಚಲಾಗಿದೆ, ಕಾಲಿನ ಮೇಲೆ ‘ಮ್ನೆಸಿಮಾಕೋಸ್’ ಎಂಬ ಹೆಸರಿದೆ. ಮುಚ್ಚಳದ ಮೇಲೆ ಇನ್ನೂ ಹಲವರ ಹೆಸರುಗಳನ್ನು ಬರೆದು, ಕೊನೆಗೆ ಇವರ ಪರವಾಗಿ ವಾದಿಸುವ ಅಥವಾ ಸಾಕ್ಷಿ ಹೇಳುವ ಬೇರೆಯವರನ್ನೂ ಸೇರಿಸಲಾಗಿದೆ. ಮಾಟಗಾರನಿಗಿಂತ ಗುಮಾಸ್ತನ ಕೈಬರಹದಂತಿದೆ ಈ ಎಚ್ಚರಿಕೆ! ರೋಮಿನಲ್ಲಿ ಕ್ಯುರಿಯೋ ಎಂಬ ವಕೀಲ ವಾದದ ನಡುವೆ ಇಡೀ ಮೊಕದ್ದಮೆಯನ್ನೇ ಮರೆತು, ಅದು ಎದುರು ಪಕ್ಷದ ಟಿಟಿನಿಯಾಳ ಮಾಟವೆಂದು ದೂರಿದ್ದನ್ನು ರೋಮಿನ ಹೆಸರಾಂತ ವಾಗ್ಮಿ ಸಿಸೆರೋ ನಗುತ್ತಲೇ ದಾಖಲಿಸಿದ್ದಾನೆ.

ಎಲ್ಲರೂ ನಕ್ಕು ಬಿಡುತ್ತಿರಲಿಲ್ಲ. ಅಲ್ಪ ಖರ್ಚಿನಲ್ಲಿ ಶತ್ರುವಿಗೆ ಕೇಡು ಮಾಡಿಕೊಡುತ್ತೇವೆಂದು ಶ್ರೀಮಂತರ ಬಾಗಿಲು ಬಡಿಯುವ ಅಲೆಮಾರಿ ಮಂತ್ರವಾದಿಗಳನ್ನು ಪ್ಲೇಟೋ ಟೀಕಿಸಿದ. ಕ್ರಿ.ಶ. 19ರಲ್ಲಿ ರೋಮನ್ ಸೇನಾಪತಿ ಜರ್ಮಾನಿಕಸ್ ಕಾಯಿಲೆ ಬಿದ್ದಾಗ ಅವನ ಮನೆಯ ನೆಲ ಮತ್ತು ಗೋಡೆಗಳಲ್ಲಿ ಮನುಷ್ಯರ ಅವಶೇಷಗಳೂ ಅವನ ಹೆಸರು ಬರೆದ ಸೀಸದ ತಗಡುಗಳೂ ಸಿಕ್ಕವೆಂದು ರೋಮನ್ ಇತಿಹಾಸಕಾರ ಟ್ಯಾಸಿಟಸ್ ಬರೆಯುತ್ತಾನೆ. ಸಂಶಯ ಸಿರಿಯಾದ ಅಧಿಪತಿ ಪೀಸೋನ ಮೇಲೆ ಬಿತ್ತು.

ಇಂಗ್ಲೆಂಡಿನ ಬಾತ್ ಪಟ್ಟಣದ ಬಿಸಿನೀರಿನ ಬುಗ್ಗೆಯಲ್ಲಿ ಸಿಕ್ಕ, ರೋಮನ್ನರ ಕಾಲದ ಸುಮಾರು 130 ತಗಡುಗಳ ಸ್ವರ ಮಾತ್ರ ಬೇರೆ. ಸುಲಿಸ್ ಮಿನರ್ವಾ ದೇವಿಗೆ ಬರೆದ ಇವುಗಳಲ್ಲಿ ಬಹುಪಾಲು ಕಳ್ಳತನದ ದೂರುಗಳು. ಡೊಸಿಲಿಯಾನಸ್ ಎಂಬವನು ತನ್ನ ಟೊಪ್ಪಿಗೆಯುಳ್ಳ ಮೇಲಂಗಿ ಕದ್ದವನಿಗೆ ನಿದ್ದೆಯಾಗಲಿ ಮಕ್ಕಳಾಗಲಿ ದಕ್ಕದಿರಲಿ ಎಂದು ಬೇಡಿದ್ದಾನೆ. ಇಲ್ಲಿ ಬರೆದವನು ಎಷ್ಟೋ ಸಲ ತನ್ನ ಹೆಸರನ್ನು ಮುಚ್ಚಿಡುವುದಿಲ್ಲ, ಸಾಮಾನ್ಯವಾಗಿ ಕಳ್ಳನ ಹೆಸರೇ ಅವನಿಗೆ ಗೊತ್ತಿರುವುದಿಲ್ಲ. ಆದ್ದರಿಂದ ಇವನ್ನು ಮಾಟ ಎನ್ನುವುದಕ್ಕಿಂತ ನ್ಯಾಯಕ್ಕಾಗಿ ಸಲ್ಲಿಸಿದ ಮೊರೆ ಎನ್ನುವುದೇ ಸರಿಯೆಂದು ಕೆಲವು ವಿದ್ವಾಂಸರು ವಾದಿಸುತ್ತಾರೆ, ಮತ್ತು ಆ ವಾದದಲ್ಲಿ ಹುರುಳಿದೆ. ಕಳ್ಳ ಯಾರೆಂದು ತಿಳಿಯದಿದ್ದರೂ ತಪ್ಪಿಸಿಕೊಳ್ಳಬಾರದಲ್ಲವೇ? ಗಂಡಾಗಲಿ ಹೆಣ್ಣಾಗಲಿ, ದಾಸನಾಗಲಿ ಸ್ವತಂತ್ರನಾಗಲಿ ಎಂಬ ಒಕ್ಕಣೆ ಅದಕ್ಕಾಗಿಯೇ ಮತ್ತೆ ಮತ್ತೆ ಬರುತ್ತದೆ. ಆರು ಬೆಳ್ಳಿ ನಾಣ್ಯ ಕಳೆದುಕೊಂಡ ಅನ್ನಿಯಾನಸ್, ಕಳ್ಳ ಕ್ರೈಸ್ತನಾಗಿರಲಿ ಅನ್ಯಮತದವನಾಗಿರಲಿ ಎಂದೂ ಸೇರಿಸಿದ್ದಾನೆ.