ಪಿಕ್ಸಿ ಬೂಟ್ ಅಂದರೆ ಏನು? ಅದು ಎಲ್ಲಿ ನಿಂತುಬಿಡುತ್ತದೆ?

ಹಾರ್ಡ್ ಡಿಸ್ಕ್ ಖಾಲಿ. ಪೆನ್ ಡ್ರೈವ್ ಕೂಡ ಹಾಕಿಲ್ಲ. ಆದರೂ ಕಂಪ್ಯೂಟರ್ ಆನ್ ಆಗಿ, ನೆಟ್‌ವರ್ಕ್ ಕೇಬಲ್‌ನಿಂದಲೇ ಬೇಕಾದ ಫೈಲ್ ತರಿಸಿಕೊಂಡು ಶುರುವಾಗುತ್ತದೆ. ಇದೇ ನೆಟ್‌ವರ್ಕ್ ಬೂಟ್. ಇದಕ್ಕೆ ಇಂಟೆಲ್ ರೂಪಿಸಿದ ಪದ್ಧತಿಯ ಹೆಸರು ಪಿಎಕ್ಸ್‌ಇ, ಬಾಯಿಮಾತಿನಲ್ಲಿ ‘ಪಿಕ್ಸಿ’. ಅದರ 2.1 ಆವೃತ್ತಿ ಬಂದಿದ್ದು 1999ರಲ್ಲಿ.

ಮೊದಲು ಮೆಷಿನ್ ನೆಟ್‌ವರ್ಕ್‌ನಲ್ಲಿರುವ ಎಲ್ಲರಿಗೂ ಕೇಳುವ ಹಾಗೆ ಕೂಗುತ್ತದೆ: ‘ನನಗೊಂದು ಐಪಿ ಕೊಡಿ, ಬೂಟ್ ಫೈಲ್ ಎಲ್ಲಿದೆ ಹೇಳಿ.’ ಐಪಿ, ಅಂದರೆ ನೆಟ್‌ವರ್ಕ್ ವಿಳಾಸ, ಹಂಚುವ ಡಿಎಚ್‌ಸಿಪಿ ಸರ್ವರ್ ಓಗೊಡುತ್ತದೆ. ಆಮೇಲೆ ಟಿಎಫ್‌ಟಿಪಿ ಅನ್ನೋ ಸರಳ ಫೈಲ್ ಸಾಗಣೆ ಪದ್ಧತಿಯ ಮೂಲಕ ಆ ಚಿಕ್ಕ ಫೈಲ್ ಬರುತ್ತದೆ. ಮಿಕ್ಕಿದ್ದನ್ನೆಲ್ಲ ಅದೇ ತರಿಸಿಕೊಳ್ಳುತ್ತದೆ.

ಕೆಟ್ಟಾಗ ಗಾಬರಿಯಿಂದ ಎಲ್ಲ ಸೆಟ್ಟಿಂಗ್ ಬದಲಿಸಬೇಡಿ. ಸ್ಕ್ರೀನ್ ಮೇಲಿನ ಕೋಡ್ ಓದಿ, ಮಾತು ಎಲ್ಲಿ ಮುರಿಯಿತು ಅಂತ ಅದೇ ಹೇಳುತ್ತದೆ. ‘ಇ51’ ಬಂದರೆ ಕೂಗಿಗೆ ಯಾರೂ ಓಗೊಟ್ಟಿಲ್ಲ. ‘ಇ53’ ಅಂದರೆ ಐಪಿ ಸಿಕ್ಕಿತು, ಫೈಲ್ ಹೆಸರು ಸಿಗಲಿಲ್ಲ. ಆಗ ಬೂಟ್ ಸರ್ವರ್ ಮತ್ತು ಫೈಲ್ ಹೆಸರು ಹೇಳುವ, ಡಿಎಚ್‌ಸಿಪಿಯ 66 ಮತ್ತು 67ನೇ ಆಪ್ಷನ್ ನೋಡಿ. ಯಾರೋ ಸುಮ್ನೆ ತಂದು ಸಿಕ್ಕಿಸಿದ ವೈಫೈ ರೌಟರ್ ನಡುವೆ ಬಾಯಿ ಹಾಕಿದರೂ ಹೀಗಾಗಬಹುದು. ‘ಇ32’ ಆದರೆ ಟಿಎಫ್‌ಟಿಪಿ ಉತ್ತರ ಬಂದಿಲ್ಲ, ಜಾಸ್ತಿ ಅನುಮಾನ ಫೈರ್‌ವಾಲ್ ಮೇಲೆ. ಅಲ್ಲಿ ಟಿಎಫ್‌ಟಿಪಿಯ ಯುಡಿಪಿ 69ನೇ ಪೋರ್ಟ್ ತೆರೆದರೆ ಸಾಕು ಅಂದುಕೊಳ್ಳುತ್ತೇವೆ. ಮೊದಲ ವಿನಂತಿ ಮಾತ್ರ 69ಕ್ಕೆ ಹೋಗುತ್ತದೆ, ಫೈಲ್ ಬರುವುದು ಬೇರೆ ಪೋರ್ಟ್‌ನಿಂದ. ಫೈಲ್ ಬಂದೂ ಶುರುವಾಗದಿದ್ದರೆ, ಯುಇಎಫ್‌ಐ (ಬಯಾಸ್ ಜಾಗಕ್ಕೆ ಬಂದ ಹೊಸ ಫರ್ಮ್‌ವೇರ್) ಇರುವ ಮೆಷಿನ್‌ಗೆ ಹಳೇ ಬಯಾಸ್‌ನ ಫೈಲ್ ಕೊಟ್ಟಿದ್ದೀರಾ ಅಂತ ನೋಡಿ.

ಇ51 ಬಹಳ ಕಾಡುತ್ತದೆ. ಕೇಬಲ್ ಸರಿ, ಸರ್ವರ್ ಸರಿ, ಆದರೂ ಉತ್ತರವಿಲ್ಲ. ಒಂದು ಕಾರಣ, ಈ ಕೂಗು ರೌಟರ್ ದಾಟುವುದಿಲ್ಲ. ಸರ್ವರ್ ಬೇರೆ ವಿಲ್ಯಾನ್‌ನಲ್ಲಿದ್ದರೆ, ಅಂದರೆ ನೆಟ್‌ವರ್ಕ್‌ನ ಬೇರೆ ಭಾಗದಲ್ಲಿದ್ದರೆ, ಕೂಗನ್ನು ಆಚೆ ದಾಟಿಸಲು ನಡುವೆ ಡಿಎಚ್‌ಸಿಪಿ ರಿಲೇ ಬೇಕೇಬೇಕು. ಇನ್ನೊಂದು ಕಾರಣ ಸ್ವಿಚ್. ಸ್ಪ್ಯಾನಿಂಗ್ ಟ್ರೀ (ನೆಟ್‌ವರ್ಕ್‌ನಲ್ಲಿ ಸುತ್ತುದಾರಿ ಆಗದಂತೆ ತಡೆಯುವ ವ್ಯವಸ್ಥೆ) ಇರುವ ಸ್ವಿಚ್ ಹೊಸ ಲಿಂಕ್ ಕಂಡ ಕೂಡಲೇ ದಾರಿ ಬಿಡುವುದಿಲ್ಲ, ಹಳೇ ರೀತಿಯಲ್ಲಿ 30 ಸೆಕೆಂಡ್ ಕಾಯಿಸುತ್ತದೆ. ಅಷ್ಟರಲ್ಲಿ ಮೆಷಿನ್ ಕೂಗಿ ಕೂಗಿ ಸುಮ್ಮನಾಗಿರಬಹುದು. ಪರೀಕ್ಷೆಗೆ, ನಡುವೆ ಸ್ಪ್ಯಾನಿಂಗ್ ಟ್ರೀ ಇಲ್ಲದ ಒಂದು ಸಾದಾ ಸ್ವಿಚ್ ಇಟ್ಟು, ಒಂದು ನಿಮಿಷ ಬಿಟ್ಟು ಬೂಟ್ ಮಾಡಿ. ಈಗ ಆಯಿತಾ? ಹಾಗಾದರೆ ಮೊದಲಿನ ಸ್ವಿಚ್‌ನ ಆ ಪೋರ್ಟ್‌ಗೆ, ಕಾಯಿಸದೆ ದಾರಿ ಬಿಡುವ ಪೋರ್ಟ್‌ಫಾಸ್ಟ್ ಸೆಟ್ಟಿಂಗ್ ಹಾಕಿ.

ಕಂಪ್ಯೂಟರ್‌ಗಳ ಲೆಕ್ಕ, ಅಂದರೆ ಇನ್ವೆಂಟರಿ, ತಪ್ಪುವುದೂ ಇಲ್ಲಿಂದಲೇ. ಆ ಮೊದಲ ಕೂಗಿನಲ್ಲೇ ಮೆಷಿನ್ ತನ್ನ ಮ್ಯಾಕ್ ಅಡ್ರೆಸ್, ಅಂದರೆ ನೆಟ್‌ವರ್ಕ್ ಕಾರ್ಡ್‌ನ ಗುರುತಿನ ಸಂಖ್ಯೆ, ಹೇಳಿರುತ್ತದೆ. ಎಷ್ಟೋ ಸರ್ವರ್‌ಗಳು ಅದನ್ನೇ ನಂಬಿ ಪಟ್ಟಿಗೆ ಸೇರಿಸುತ್ತವೆ. ಲ್ಯಾನ್ ಪೋರ್ಟ್ ಇಲ್ಲದ ಹತ್ತು ಲ್ಯಾಪ್‌ಟಾಪ್‌ಗೆ ಒಂದೇ ಯುಎಸ್‌ಬಿ ಅಡಾಪ್ಟರ್ ಸುತ್ತಾಡಿಸಿದರೆ ಮ್ಯಾಕ್ ಒಂದೇ, ಅಲ್ವಾ? ಪಟ್ಟಿಯಲ್ಲಿ ಒಂದೇ ಸಾಲು, ಹೆಸರು ಮಾತ್ರ ಬದಲಾಗುತ್ತಾ ಹೋಗುತ್ತದೆ. ಮದರ್‌ಬೋರ್ಡ್‌ನ ಯುಯುಐಡಿ (ಮೆಷಿನ್‌ನ ಗುರುತಿನ ಕೋಡ್), ಸೀರಿಯಲ್ ನಂಬರ್ ಕೂಡ ಹಿಡಿದಿಡಿ. ಕೆಲವು ಬೋರ್ಡ್‌ಗಳಲ್ಲಿ ಸೀರಿಯಲ್ ಜಾಗದಲ್ಲಿ ‘ಟು ಬಿ ಫಿಲ್ಡ್ ಬೈ ಓ.ಇ.ಎಂ.’ ಅಂತಲೇ ಇರುತ್ತದೆ. ಅಂಥವಕ್ಕೆ ನೀವೇ ಒಂದು ನಂಬರ್ ಕೊಟ್ಟು, ಡಬ್ಬಿಯ ಮೇಲೆ ಅಂಟಿಸಬೇಕು.